ಬೀಗದ ಮೇಲೊಂದು ಹಾಡು

ಅವಳು ಒಪೆರಾಕ್ಕೆ ಬಂದದ್ದು ನಗುವುದಕ್ಕಲ್ಲ, ಜಗಳ ತೆಗೆಯುವುದಕ್ಕೆ. ಈ ಹಳೇ ಕಾಲದ ಹಾಸ್ಯ ಒಪೆರಾ ಉಳ್ಳವರ ಆಕಳಿಕೆ, ಮಧ್ಯಂತರದಲ್ಲಿ ಕರಪತ್ರ ಎಸೆಯಬೇಕು ಎಂದು ಕಾಲೇಜಿನ ಓದು ಬಳಗ ತೀರ್ಮಾನಿಸಿತ್ತು. ಕರಪತ್ರ ಬರೆದವಳು ಅವಳೇ, ಅಲ್ಲಿನ ಒಂದು ಬೀಗದ ಬಗ್ಗೆ. ರಂಗಮಂದಿರದ ನೆಲಮಾಳಿಗೆಯಲ್ಲಿ ವೇಷದ ಬಟ್ಟೆ ಹೊಲಿಯುವ ಹೆಂಗಸರು ಜರಿ ಕದ್ದುಬಿಟ್ಟಾರೆಂಬ ಭಯಕ್ಕೆ, ಆಟ ಮುಗಿಯುವವರೆಗೂ ಮ್ಯಾನೇಜರ್ ಅವರನ್ನು ಹೊರಗಿನಿಂದ ಬೀಗ ಜಡಿದು ಕೂರಿಸುತ್ತಿದ್ದ. ಬೆಂಕಿ ಬಿದ್ದರೆ ಗತಿಯಿಲ್ಲ. ಅವಳನ್ನು ಸಾಕಿ ಓದಿಸುತ್ತಿದ್ದ ಚಿಕ್ಕಮ್ಮನೂ ಆ ಬೀಗದ ಹಿಂದೆಯೇ ಇದ್ದಳು.

ಅಗ್ಗದ ಟಿಕೆಟಿಗೆ ಸಿಕ್ಕಿದ್ದು ವೇದಿಕೆಯ ನೆತ್ತಿಗೇ ಅಂಟಿಕೊಂಡ ಪಕ್ಕದ ಬಾಲ್ಕನಿ. ಜೊತೆಗೆ ಬಂದಿದ್ದ ಗೆಳೆಯನನ್ನು ಬಳಗದವರು ಗುಡುಗು ಎನ್ನುತ್ತಿದ್ದರು. ಅವನು ಪಿಸುಗುಟ್ಟಿದರೂ ಮೂರು ಸಾಲಿಗೆ ಕೇಳಿಸುತ್ತಿತ್ತು.

"ಏಯ್, ಕರಪತ್ರದ ಕಟ್ಟನ್ನ ಮೋಟುಗೋಡೆ ಮೇಲೆ ಇಡಬೇಡ ಕಣೇ."

"ಮೊದ್ಲು ನಿನ್ನ ಬಾಯಿ ಮುಚ್ಚು ಮಹಾರಾಯ."

ಪರದೆ ಎದ್ದಿತು. ಮುದಿ ಸಾಹುಕಾರನೊಬ್ಬ ಅನಾಥ ಹುಡುಗಿಯನ್ನು ತಾನೇ ಮದುವೆಯಾಗಲು ಕೋಣೆಯಲ್ಲಿ ಕೂಡಿಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದ. ಮನೆಗೆಲಸದವಳು ಜೋಗುಳ ಹಾಡುತ್ತ ಆ ಗಂಟು ಬಿಚ್ಚಬೇಕು. ಅವಳ ಬೆರಳು ತಾಗಿದಾಗೆಲ್ಲ ಸಾಹುಕಾರ ಸೀನುತ್ತಿದ್ದ, ಅದೂ ಎಳ್ಳಷ್ಟೂ ತಾಳ ತಪ್ಪದೆ. ಬಾಲ್ಕನಿಯಲ್ಲಿ ಕರಪತ್ರದ ಹುಡುಗಿ ತುಟಿ ಕಚ್ಚಿಕೊಂಡಳು. ನಗುವುದು ಶರಣಾದಂತೆ ಎಂದು ಅವಳ ನಂಬಿಕೆ. ಆದರೆ ದೊಡ್ಡದೊಂದು ಸೀನಿಗೆ ಅವನ ವಿಗ್ ಹಾರಿ ಬಿತ್ತು. ಅವನು ಹಾಡು ನಿಲ್ಲಿಸದೆ ಅದನ್ನು ಹಿಂದುಮುಂದಾಗಿ ಸಿಕ್ಕಿಸಿಕೊಂಡ. ಮುಗಿಯಿತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಮೊಣಕೈ ಕಟ್ಟಿಗೆ ತಗುಲಿತು, ಕರಪತ್ರಗಳೆಲ್ಲ ವೇದಿಕೆಯ ಮೇಲೂ ಮುಂದಿನ ಸಾಲುಗಳ ಮೇಲೂ ಉದುರಿದವು.

"ಕೆಟ್ವಿ!" ಎಂದು ಗುಡುಗಿದ ಗುಡುಗು.

ಜೋಗುಳ ನಿಂತಿತು. ಕೆಲಸದವಳ ಪಾತ್ರದ ಗಾಯಕಿ ಒಂದು ಹಾಳೆ ಎತ್ತಿಕೊಂಡು ಓದಿದಳು. ಚಿಕ್ಕಮ್ಮನ ಕೆಲಸಕ್ಕೆ ಕಲ್ಲು ಬಿತ್ತಲ್ಲ ಎಂದು ಹುಡುಗಿ ಹೆದರಿದಳು. ಗಾಯಕಿ ಪಿಯಾನೊದವನಿಗೆ ಕಣ್ಸನ್ನೆ ಮಾಡಿದಳು. ಮಾತನ್ನೇ ಹಾಡಿನಂತೆ ಎಳೆಯುವ ಒಪೆರಾದ ಧಾಟಿಯಲ್ಲಿ ಶುರುಮಾಡಿದಳು:

"ಒಡೆಯಾ, ನಮ್ಮ ಕಾಲ ಕೆಳಗೇ ಇನ್ನೊಂದು ಬೀಗವಂತೆ! ನಾನುಟ್ಟ ಲಂಗ ಹೊಲಿದವರು ಅದರ ಹಿಂದೆಯಂತೆ!"

ಇದೂ ನಾಟಕವೇ ಎಂದುಕೊಂಡು ಜನ ನಕ್ಕರು. ಆಮೇಲೆ ಮಡಿಲಿಗೆ ಬಿದ್ದ ಹಾಳೆ ಓದಿದರು, ನಗು ನಿಂತಿತು. ಸಾಹುಕಾರನ ವೇಷದವನು ಸೊಂಟ ತಡವಿಕೊಂಡು ಅದೇ ರಾಗದಲ್ಲಿ ಕೇಳಿದ:

"ಆ ಬೀಗದ ಕೈ ನನ್ನಲ್ಲಿಲ್ಲ! ಯಾರ ಜೇಬಿನಲ್ಲಿದೆ?"

ತಲೆಗಳೆಲ್ಲ ಮುಂದಿನ ಸಾಲಿನಲ್ಲಿದ್ದ ಮ್ಯಾನೇಜರನತ್ತ ತಿರುಗಿದವು. ಪಿಯಾನೊದವನು ಒಂದೇ ಸ್ವರವನ್ನು ಕುಟ್ಟುತ್ತ ಕಾದ. ಮ್ಯಾನೇಜರ್ ಎದ್ದ. ಬಾಗಿಲವರೆಗೆ ಅವನ ಒಂದೊಂದು ಹೆಜ್ಜೆಗೂ ತಾಳ ಬಿತ್ತು. ಜನ ಮತ್ತೆ ನಕ್ಕರು. ಈ ಸಲ ಯಾರನ್ನು ನೋಡಿ ನಗುತ್ತಿದ್ದೇವೆಂದು ಅವರಿಗೆ ಗೊತ್ತಿತ್ತು.

ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಏದುಸಿರು ಬಿಡುತ್ತ ಬಾಲ್ಕನಿಗೆ ಬಂದಳು. ಸೆರಗಿನ ತುಂಬ ದಾರದ ಚೂರು.

"ಆ ಮನುಷ್ಯ ಬಾಗಿಲು ತೆಗೆದು, 'ಹೋಗ್ರಮ್ಮ, ನೀವೂ ನೋಡ್ರಮ್ಮ' ಅಂದ ಕಣೇ! ನಿನ್ನದೇ ಕಿತಾಪತಿ ತಾನೇ?"

"ನಾನು ಬರೀ ನಕ್ಕೆ ಚಿಕ್ಕಮ್ಮ. ತೆಗೆಸಿದ್ದು ವೇದಿಕೆ ಮೇಲಿರೋ ಅವರು."

ತಾನು ಕೂಗಿದ್ದರೆ ಕಾವಲಿನವರು ಕತ್ತು ಹಿಡಿದು ದಬ್ಬುತ್ತಿದ್ದರು. ಹೆಸರೂ ಗೊತ್ತಿಲ್ಲದ ಆ ಗಾಯಕಿ ತನ್ನ ಅನ್ನವನ್ನೇ ಪಣಕ್ಕಿಟ್ಟು ಹಾಡಿದ್ದಳು. ಈ ಋಣವನ್ನು ಯಾವ ಮಾತಿನಲ್ಲಿ ತೀರಿಸುವುದೋ ಹುಡುಗಿಗೆ ತಿಳಿಯಲಿಲ್ಲ.

"ನಾಳೆ ಮತ್ತೆ ಬೀಗ ಹಾಕಿದ್ರೆ?" ಎಂದ ಗುಡುಗು.

"ಯಾವುದನ್ನ ಹಾಕ್ತಾನೆ?" ಚಿಕ್ಕಮ್ಮ ಸೆರಗಿನಡಿಯಿಂದ ಬೀಗವನ್ನೇ ತೆಗೆದು ಅವನ ಕೈಗೆ ತುರುಕಿದಳು. "ಹೊಸದು ತಂದ್ರೆ ಅದನ್ನೂ ಎತ್ಕೊಂಡು ಬರ್ತೀನಿ. ಈಗ ಸುಮ್ನಿರ್ರೋ, ಹಾಡು ಕೇಳಿಸ್ತಿಲ್ಲ."

ಹುಡುಗಿ ಸರಿದು, ಮುಂದಿನ ಕುರ್ಚಿಯನ್ನು ಚಿಕ್ಕಮ್ಮನಿಗೆ ಬಿಟ್ಟುಕೊಟ್ಟಳು.