ಉಜ್ಜಿದ ನಾಲಿಗೆ

ದೊಡ್ಡ ಡಾಕ್ಟರು ಮಂಚದ ಕಾಲ ಬಳಿ ನಿಂತು, ಮಲಗಿದ್ದವನ ಮುಖವನ್ನೂ ಸರಿಯಾಗಿ ನೋಡದೆ ಕೇಳಿದರು: "ಮನೆ ಎಲ್ಲಾ ಕ್ಲೀನಾಗಿ ಇಟ್ಕೊಳ್ತೀರಾ?"

ತಾಯಿ ತಪ್ಪು ಮಾಡಿದ ಮಗುವಿನ ಹಾಗೆ ತಲೆಯಾಡಿಸಿದಳು.

ಪಕ್ಕದಲ್ಲಿ ನಿಂತಿದ್ದ ಮಗಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಮನೆಯಲ್ಲಿ ಎಲ್ಲರೂ ಅವಳನ್ನು ದೊಡ್ಡವಳು ಎಂದೇ ಕರೆಯುತ್ತಿದ್ದರು. ಕ್ಲೀನಂತೆ, ಕ್ಲೀನು! ಅವರ ಮನೆಯ ನೆಲ ಒರೆಸಿ ಒರೆಸಿ ಬಣ್ಣ ಕಳೆದುಕೊಂಡಿತ್ತು. ಬಾಗಿಲ ಹಿಡಿಕೆ ಮುಟ್ಟಿದರೂ ಕೈಗೆ ಫಿನಾಯಿಲ್ ವಾಸನೆ ಅಂಟುತ್ತಿತ್ತು. ಇನ್ನೇನನ್ನು ತೊಳೆಯಬೇಕಿತ್ತು ಇವರಿಗೆ?

ಮಂಚದ ಮೇಲಿದ್ದವನು ಅವಳ ತಮ್ಮ, ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ದರ್ಜಿ. ಒಂದು ಮಧ್ಯಾಹ್ನ ದಾರ ಪೋಣಿಸಲಾಗದೆ, "ಅಕ್ಕಾ, ಈ ಸೂಜಿ ಎರಡೆರಡಾಗಿ ಕಾಣ್ತಿದೆ. ಸಂಬಳಾನೂ ಹಂಗೇ ಕಂಡಿದ್ರೆ ಚೆನ್ನಾಗಿತ್ತು" ಎಂದು ನಕ್ಕಿದ್ದ. ಅದಾದ ಮೇಲೆ ಒಂದು ಅಂಗಿಗೆ ತೋಳನ್ನು ತಲೆಕೆಳಗಾಗಿ ಹೊಲಿದ. ಆಮೇಲೆ ತಲೆನೋವು, ವಾಂತಿ, ಇಳಿಯದ ಜ್ವರ. ಆಸ್ಪತ್ರೆಯವರು ಮಿದುಳಿನ ಪೊರೆಗೆ ಕ್ಷಯ ತಗುಲಿದೆ ಎಂದರು. ಅದರ ಮಾತ್ರೆಗಳನ್ನು ವಾರಗಟ್ಟಲೆ ನುಂಗಿಸಿದರೂ ಹುಡುಗ ದಿನದಿಂದ ದಿನಕ್ಕೆ ಕುಸಿಯುತ್ತಲೇ ಹೋದ. ಈಗ ಕರೆದರೆ ಕಣ್ಣು ತೆರೆಯುತ್ತಿದ್ದ, ಅಷ್ಟೇ.

"ಮೊದಲು ಏನಾದ್ರೂ ಕಾಯಿಲೆ ಇತ್ತಾ?" ದೊಡ್ಡ ಡಾಕ್ಟರು ಕೇಳಿದರು.

"ಏನೂ ಇಲ್ಲ, ಸಾರ್" ಎಂದಳು ತಾಯಿ.

ದೊಡ್ಡವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅವಳೂ ಬಾಯಿಬಿಡಲಿಲ್ಲ. ಆ ಮನೆಯಲ್ಲಿ ಬಾಯಿಬಿಡದಿರುವುದು ಹಲ್ಲುಜ್ಜುವಷ್ಟೇ ಸಹಜವಾದ ಅಭ್ಯಾಸವಾಗಿತ್ತು.

ಏನೂ ಇಲ್ಲವೆಂದರೆ ಹೇಗೆ? ಅಕ್ಕ ತಮ್ಮ ಇಬ್ಬರಿಗೂ ಚಿಕ್ಕಂದಿನಿಂದ ನಾಲಿಗೆಯ ಮೇಲೆ ಮೊಸರು ಒಡೆದಂತೆ ಬಿಳಿ ಪದರ ಕಟ್ಟುತ್ತಿತ್ತು. ಉಗುರುಗಳು ಹಳದಿಯಾಗಿ, ದಪ್ಪವಾಗಿ, ಹಳೆಯ ಮರದ ತೊಗಟೆಯಂತೆ ಎದ್ದು ಬರುತ್ತಿದ್ದವು. ಮೊದಲ ಸಲ ಡಾಕ್ಟರ ಬಳಿ ಹೋದಾಗ ಅವರು ಕೇಳಿದ್ದೂ ಇದನ್ನೇ: ದಿನಾ ಬಾಯಿ ತೊಳೀತೀರಾ? ಅಂದಿನಿಂದ ತಾಯಿಗೊಂದು ಪದ್ಧತಿ ಬೆಳೆಯಿತು. ಯಾವುದೇ ಡಾಕ್ಟರ ಬಾಗಿಲು ತುಳಿಯುವ ಮೊದಲು ಮಕ್ಕಳನ್ನು ಬಚ್ಚಲಿಗೆ ಎಳೆದುಕೊಂಡು ಹೋಗುವುದು, ಬೆರಳಿಗೆ ಬಟ್ಟೆ ಸುತ್ತಿ ನಾಲಿಗೆಯನ್ನು ರಕ್ತ ಬರುವ ತನಕ ಉಜ್ಜುವುದು, ಅಂಗಡಿಯಿಂದ ತಂದ ನೇರಳೆ ಔಷಧಿ ಬಳಿಯುವುದು, ಉಗುರನ್ನು ಬುಡದವರೆಗೆ ಅರದಿಂದ ತಿಕ್ಕುವುದು. ಹೀಗೆ ಡಾಕ್ಟರುಗಳು ನೋಡಿದ್ದೆಲ್ಲ ತೊಳೆದಿಟ್ಟ ಬಾಯಿಯನ್ನು. ಪರೀಕ್ಷೆಗೆ ಕೊಟ್ಟಾಗಲೆಲ್ಲ ಏನೂ ಇಲ್ಲವೆಂದೇ ಬರುತ್ತಿತ್ತು. ಏನೂ ಇಲ್ಲವೆಂದು ಬಂದ ದಿನ ತಾಯಿ ಗೆದ್ದವಳಂತೆ ಮನೆಗೆ ನಡೆಯುತ್ತಿದ್ದಳು.

ಅಂದು ಸಂಜೆ ವಾರ್ಡಿನ ಕಿರಿಯ ಡಾಕ್ಟರಮ್ಮ ಸಲೈನ್ ಬದಲಿಸಿದ್ದನ್ನು ನೋಡಲು ಬಂದಳು. ದೊಡ್ಡವಳು ಮರೆತು ಮಂಚದ ಕಂಬಿ ಹಿಡಿದು ನಿಂತಿದ್ದಳು. ಡಾಕ್ಟರಮ್ಮನ ಕಣ್ಣು ಆ ಬೆರಳುಗಳ ಮೇಲೆ ನಿಂತಿತು.

"ಇದು ಎಷ್ಟು ವರ್ಷದಿಂದ ಇದೆ?"

"ನಾನು ದಿನಾ ತೊಳೀತೀನಿ, ಮೇಡಂ."

"ತೊಳೀತೀರಾ ಅಂತ ನಾನು ಕೇಳಲೇ ಇಲ್ವಲ್ಲ." ಡಾಕ್ಟರಮ್ಮ ಆ ಕೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡಳು. "ತಮ್ಮನಿಗೂ ಇದೆಯಾ? ಬಾಯಿ ಬೆಳ್ಳಗಾಗುತ್ತಾ?"

ತಾಯಿ ನೀರು ತರಲು ಹೋಗಿದ್ದಳು. ದೊಡ್ಡವಳು ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಬೇಕರಿಯ ಕಥೆಯೂ ಹೊರಬಂತು. ಅವಳು ಹಿಟ್ಟು ನಾದುವವಳು. ಗಾಜಿನಾಚೆಯಿಂದ ಯಾರೋ ಗಿರಾಕಿ ಅವಳ ಉಗುರು ಕಂಡು ಮುಖ ಕಿವುಚಿದ್ದೇ ತಡ, ಯಜಮಾನ ಒಳಗೆ ಕರೆದು, "ನಿನ್ನ ಕೈ ರುಚಿ ಒಳ್ಳೇದೇ ಕಣಮ್ಮ, ಕೈ ನೋಡಿದ್ರೆ ಮಾತ್ರ ಕಷ್ಟ" ಎಂದು ಟ್ರೇ ತೊಳೆಯಲು ಹಾಕಿದ್ದ. ಹಗಲಿಡೀ ರಬ್ಬರ್ ಕೈಗವಸಿನೊಳಗೆ ನೆನೆದು ಉಗುರು ಇನ್ನಷ್ಟು ಕೆಟ್ಟಿತು.

ಡಾಕ್ಟರಮ್ಮ ಮಂಚದ ಅಂಚಿನಲ್ಲೇ ಕುಳಿತಳು. "ಕೇಳಿ. ಬಾಯಿ, ಉಗುರು ಎರಡನ್ನೂ ಕೆಡಿಸ್ತಿರೋದು ಫಂಗಸ್, ಬೂಷ್ಟಿನ ಜಾತಿ. ಅದು ಎಲ್ಲರ ಬಾಯಲ್ಲೂ ಚೂರು ಇರುತ್ತೆ, ನನ್ನ ಬಾಯಲ್ಲೂ ಇದೆ. ರಕ್ತದ ಬಿಳಿ ಕಣ ಅದನ್ನ ಗುರುತು ಹಿಡಿದು ಒಳಕ್ಕೆ ಸುದ್ದಿ ಮುಟ್ಟಿಸುತ್ತೆ, ಆಮೇಲೆ ಮೈ ಹೋರಾಡುತ್ತೆ. ಕೆಲವರಿಗೆ ಹುಟ್ಟಿನಿಂದಲೇ ಒಂದು ಜೀನ್‌ನಲ್ಲಿ ಸಣ್ಣ ವ್ಯತ್ಯಾಸ. ಕಾವಲುಗಾರ ಕಳ್ಳನ್ನ ನೋಡ್ತಾನೆ, ಕೂಗೋಕೆ ಗಂಟಲಿಲ್ಲ, ಅಂಥ ಪರಿಸ್ಥಿತಿ. ಬೇರೆ ರೋಗ ಬಂದ್ರೆ ಮೈ ಸರಿಯಾಗೇ ಎದುರಿಸುತ್ತೆ. ಇದೊಂದಕ್ಕೆ ಸೋಲುತ್ತೆ. ಹಾಗೇ ಬಿಟ್ರೆ ಒಬ್ಬೊಬ್ಬರಲ್ಲಿ ಮಿದುಳಿಗೂ ಹೋಗುತ್ತೆ."

"ಹಾಗಾದ್ರೆ ನಾವು ಕೊಳಕರಲ್ವಾ?"

"ಸೋಪಿಗೂ ಇದಕ್ಕೂ ಸಂಬಂಧಾನೇ ಇಲ್ಲ. ನಿಮ್ಮ ಹಿಟ್ಟು ಉಬ್ಬಿಸೋ ಯೀಸ್ಟೂ ಇದೇ ಬಳಗದ್ದು."

"ಅದನ್ನ ಮಾತ್ರ ಯಜಮಾನ್ರು ಟ್ರೇ ತೊಳೆಯೋಕೆ ಹಾಕ್ಲಿಲ್ಲ" ಎಂದಳು ದೊಡ್ಡವಳು. ನಕ್ಕಳು ಕೂಡ. ಮನಸ್ಸು ಹಗುರವಾಗಬೇಕಿತ್ತು, ಆಗಲಿಲ್ಲ. ಇಷ್ಟು ವರ್ಷ ತಲೆ ತಗ್ಗಿಸಿ ನಡೆದದ್ದಕ್ಕೆ ಯಾರನ್ನು ಹಿಡಿದು ಕೇಳುವುದು?

ಡಾಕ್ಟರಮ್ಮ ಹೋಗುವಾಗ ಒತ್ತಿ ಹೇಳಿದಳು: ಫಂಗಸ್ಸಿನ ಔಷಧಿ ಮೂತ್ರಪಿಂಡಕ್ಕೆ ಭಾರ, ಬರೀ ಅನುಮಾನದ ಮೇಲೆ ದೊಡ್ಡ ಡಾಕ್ಟರು ಅದಕ್ಕೆ ಒಪ್ಪುವವರಲ್ಲ. ಬೆಳಿಗ್ಗೆ ಅವರು ಬಂದಾಗ ಹುಡುಗನ ಬಾಯಲ್ಲಿ ಬಿಳಿ ಪದರ ಕಣ್ಣಾರೆ ಕಂಡರೆ, ಬೆನ್ನಿಗೆ ಸೂಜಿ ಚುಚ್ಚಿ ಬೆನ್ನುನೀರನ್ನು ಮತ್ತೆ ತೆಗೆದು ಫಂಗಸ್ಸನ್ನೇ ಹುಡುಕಿಸಬಹುದು. ಅಲ್ಲಿಯ ತನಕ ಬಾಯಿ ಮುಟ್ಟಬೇಡಿ. ದೊಡ್ಡವಳು ಅದನ್ನು ತಾಯಿಗೆ ಒಂದಕ್ಕೆರಡು ಬಾರಿ ಹೇಳಿದಳು. ತಾಯಿ ಹೂಂ ಎಂದಳು.

ಬೆಳಿಗ್ಗೆ ದೊಡ್ಡವಳು ಮನೆಯಿಂದ ವಾರ್ಡಿಗೆ ಬಂದಾಗ ತಮ್ಮನ ತುಟಿಯ ಅಂಚು ನೇರಳೆಯಾಗಿತ್ತು. ತಾಯಿಯ ಬೆರಳೂ ನೇರಳೆ. ಬಕೆಟ್ಟಿನಲ್ಲಿ ರಕ್ತದ ಎಳೆಯಿದ್ದ ಬಟ್ಟೆ.

"ಏನ್ ಮಾಡ್ದೆ ನೀನು?"

"ದೊಡ್ಡ ಡಾಕ್ಟರು ಬರ್ತಾರಲ್ಲ. ಹಂಗೇ ಹೇಗೆ ತೋರಿಸೋದು?"

"ಹಂಗೇ ತೋರಿಸ್ಬೇಕಿತ್ತು ಕಣಮ್ಮಾ! ಅವನು ಸಾಯ್ತಿದಾನೆ, ನಿನಗೆ ಮರ್ಯಾದೆ ಚಿಂತೆ!" ಅವಳ ದನಿಗೆ ಇಡೀ ವಾರ್ಡು ತಿರುಗಿ ನೋಡಿತು. "ಇಷ್ಟು ವರ್ಷ ನಮ್ಮನ್ನ ಉಜ್ಜಿದೆಯಲ್ಲ, ಒಂದು ದಿನ, ಒಂದೇ ಒಂದು ದಿನ ಸುಮ್ನಿರೋಕೆ ಆಗ್ಲಿಲ್ವಾ?"

ತಾಯಿ ಬಟ್ಟೆಯನ್ನು ಮಡಿಚಿದಳು. ಮತ್ತೆ ಬಿಡಿಸಿದಳು. ಆಮೇಲೆ ಗೋಡೆಗೆ ಹೇಳುವವಳಂತೆ ಹೇಳಿದಳು: "ನಿನಗಿಂತ ದೊಡ್ಡವನೊಬ್ಬ ಇದ್ದ."

ದೊಡ್ಡವಳು ತಾಯಿಯ ಮುಖ ಕಾಣುವಂತೆ ಗೋಡೆಯ ಕಡೆ ಸರಿದಳು.

"ಅವನ ಬಾಯೂ ಬೆಳ್ಳಗಿತ್ತು. ಅವನಿಗೂ ತಲೆನೋವೇ ಬಂತು. ಹೋದ್ಮೇಲೆ ನಿಮ್ಮಜ್ಜಿ, ನಿಮ್ಮತ್ತೆ ಎಲ್ಲಾ ಸೇರಿ, ಕೊಳಕು ಕೈಯವಳು ಮಗೂನ ತಿಂದ್ಕೊಂಡ್ಳು ಅಂದ್ರು. ನಿಮ್ಮಪ್ಪ ಅಲ್ಲೇ ಕೂತಿದ್ರು. ಒಂದು ಮಾತೂ ಆಡ್ಲಿಲ್ಲ."

ಮಗಳ ಸಿಟ್ಟು ಎಲ್ಲಿಗೂ ಹೋಗಲಿಲ್ಲ. ದಿಕ್ಕು ಮಾತ್ರ ಬದಲಿಸಿತು. ಹೆಸರನ್ನೂ ಕೇಳಿರದ ಒಬ್ಬ ಅಣ್ಣ, ಅವನ ಸಾವಿನ ಮೇಲೆ ತೀರ್ಪು ಕೊಟ್ಟು ಎದ್ದು ಹೋದ ಮಂದಿ, ಆ ತೀರ್ಪನ್ನು ನಂಬಿ ಜೀವಮಾನವಿಡೀ ನೆಲ ಒರೆಸಿದ ಈ ಹೆಂಗಸು. ಕೆಟ್ಟದ್ದು ಯಾರೋ ಒಬ್ಬರದ್ದಾಗಿದ್ದರೆ ಬೈದು ಮುಗಿಸಬಹುದಿತ್ತು.

ಅಷ್ಟರಲ್ಲಿ ದೊಡ್ಡ ಡಾಕ್ಟರು ಪರಿವಾರ ಸಮೇತ ಬಂದರು. ಕಿರಿಯ ಡಾಕ್ಟರಮ್ಮ ಟಾರ್ಚು ಹಿಡಿದು ಹುಡುಗನ ಬಾಯಿ ತೆರೆಸಿದಳು. ಒಳಗೆ ನೇರಳೆ ಬಣ್ಣ, ಹಸಿ ಗಾಯ.

"ಇಲ್ಲೇನಿದೆ? ಎಲ್ಲಿದೆ ನಿಮ್ಮ ಫಂಗಸ್ಸು?" ಎಂದು ಅವರು ಮುಂದಿನ ಮಂಚಕ್ಕೆ ಹೊರಟೇಬಿಟ್ಟರು.

"ಸಾರ್, ಇಲ್ಲಿದೆ."

ದೊಡ್ಡವಳು ದಾರಿಗೆ ಅಡ್ಡ ನಿಂತಿದ್ದಳು. ಮದುವೆಮನೆಯಲ್ಲೂ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದವಳು ಈಗ ಎಲ್ಲರೆದುರು ಬಾಯನ್ನು ಅಗಲಕ್ಕೆ ತೆರೆದು ನಾಲಿಗೆ ಚಾಚಿದಳು. ಅವಳ ನಾಲಿಗೆಯನ್ನು ಯಾರೂ ಉಜ್ಜಿರಲಿಲ್ಲ. ಹತ್ತೂ ಬೆರಳುಗಳನ್ನು ಅವರ ಬಿಳಿ ಕೋಟಿನ ಮುಂದೆ ಹರಡಿದಳು.

ದೊಡ್ಡ ಡಾಕ್ಟರು ಟಾರ್ಚು ಇಸಿದುಕೊಂಡರು. ಬಹಳ ಹೊತ್ತು ನೋಡಿದರು.

"ಇಬ್ಬರಿಗೂ ಹೀಗೇ ಇದೆಯಾ? ಇದನ್ನ ಮೊದಲೇ ಯಾಕಮ್ಮ ಹೇಳಲಿಲ್ಲ?"

"ಹೇಳೋಕೆ ಬಾಯಿ ತೆರೆದಾಗಲೆಲ್ಲ ಡಾಕ್ಟ್ರುಗಳೆಲ್ಲ ಬಾಯಿ ತೊಳೀತೀರಾ, ಮನೆ ಕ್ಲೀನಾ ಅಂತಾನೇ ಕೇಳಿದ್ರಲ್ಲ, ಸಾರ್."

ದೊಡ್ಡ ಡಾಕ್ಟರ ಕಿವಿ ಕೆಂಪಾಯಿತು. ತಪ್ಪಾಯಿತು ಎನ್ನುವವರಲ್ಲ ಅವರು, ಅನ್ನಲೂ ಇಲ್ಲ. ಆದರೆ ಕಿರಿಯ ಡಾಕ್ಟರಮ್ಮನ ಕಡೆ ತಿರುಗಿ, "ಬೆನ್ನುನೀರು ಇವತ್ತೇ ಕಳಿಸಿ. ಮೂವರ ರಕ್ತಾನೂ ಜೀನ್ ಪರೀಕ್ಷೆಗೆ ಹೋಗಲಿ" ಎಂದರು.

ಬೆನ್ನುನೀರಿನಲ್ಲಿ ಫಂಗಸ್ ಸಿಕ್ಕಿತು. ಕ್ಷಯದ ಮಾತ್ರೆಗಳು ನಿಂತವು, ನರದೊಳಗೆ ಬೇರೆ ಔಷಧಿ ಇಳಿಯತೊಡಗಿತು. ಹುಡುಗ ಚಳಿಗೆ ನಡುಗಿದ, ಬೆವತ, ಒಂದು ಬೆಳಿಗ್ಗೆ ತಾನಾಗಿ ಕಣ್ಣು ಬಿಟ್ಟು, "ಅಕ್ಕಾ, ಆ ತೋಳು ಬಿಚ್ಚಿ ಹೊಲೀಬೇಕು" ಎಂದ. ಬದುಕುತ್ತಾನೆಂದು ಡಾಕ್ಟರಮ್ಮ ಹೇಳಿದಳು. ಔಷಧಿ ಮಾತ್ರ ಬಹಳ ಕಾಲ ಬಿಡುವಂತಿಲ್ಲ, ಅಕ್ಕನೂ ತೆಗೆದುಕೊಳ್ಳಬೇಕು.

ರಕ್ತದ ಫಲಿತಾಂಶ ನಿಧಾನವಾಗಿ ಬಂತು. ಮಕ್ಕಳಿಬ್ಬರಲ್ಲೂ ಆ ಜೀನಿನ ಎರಡು ಪ್ರತಿಗಳೂ ಕೆಟ್ಟಿದ್ದವು. ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತೀರಿಕೊಂಡ ತಂದೆಯಿಂದಲೇ ಬಂದಿರಬೇಕು ಎಂದಳು ಡಾಕ್ಟರಮ್ಮ. "ನಿಮ್ಮಲ್ಲೂ ನಿಮ್ಮ ಗಂಡನಲ್ಲೂ ಒಂದೊಂದು ಸರಿಯಾದ ಪ್ರತಿ ಇತ್ತು, ಹಾಗಾಗಿ ನಿಮಗೇನೂ ಆಗ್ಲಿಲ್ಲ."

"ಅವರಿಂದಲೂ?" ತಾಯಿ ಕೇಳಿದಳು.

"ಇಬ್ಬರಿಂದಲೂ. ಯಾರ ತಪ್ಪೂ ಅಲ್ಲ."

ತಾಯಿ ಅಳಲಿಲ್ಲ. ಅವಳ ಕೈಗಳು ಮಡಿಲಲ್ಲಿ ಕೆಲಸವಿಲ್ಲದೆ ಬಿದ್ದಿದ್ದವು.

ಮಧ್ಯಾಹ್ನ ನೋಡಲು ಬರುವವರ ಹೊತ್ತು. ಹುಡುಗ ಬಾಯಿ ತೆರೆದು ನಿದ್ದೆ ಹೋಗಿದ್ದ. ಔಷಧಿಗೆ ಇನ್ನೂ ಪೂರ್ತಿ ತಿಳಿಯಾಗದ ಬಿಳಿ ನಾಲಿಗೆ ಎಲ್ಲರಿಗೂ ಕಾಣುತ್ತಿತ್ತು. ತಾಯಿಯ ಕೈ ರೂಢಿಯಂತೆ ಮಂಚದ ಪರದೆಯನ್ನು ಹಿಡಿಯಿತು, ಅರ್ಧ ಎಳೆಯಿತು. ಪಕ್ಕದ ಮಂಚಕ್ಕೆ ಬಂದಿದ್ದ ಹೆಂಗಸೊಬ್ಬಳು ಇತ್ತ ಬಗ್ಗಿ ನೋಡಿ, ಮೂಗು ಮುಚ್ಚಿಕೊಂಡು, ತನ್ನ ಮಗಳನ್ನು ಹಿಂದಕ್ಕೆಳೆದಳು.

ದೊಡ್ಡವಳು ಎದ್ದಳು. ಆದರೆ ತಾಯಿ ಅವಳಿಗಿಂತ ಮುಂದಾಗಿದ್ದಳು. ಪರದೆಯನ್ನು ಸರ್ರನೆ ಗೋಡೆಯವರೆಗೂ ಸರಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನಮ್ಮಾ, ಅಲ್ಲಿಂದ್ಲೇ ಯಾಕೆ ಇಣುಕ್ತೀಯ? ಹತ್ತಿರ ಬಾ, ಸರಿಯಾಗಿ ನೋಡು" ಎಂದಳು. ಆ ಗಟ್ಟಿ ದನಿಯನ್ನು ಮಗಳು ಹುಟ್ಟಿದಂದಿನಿಂದ ಕೇಳಿರಲಿಲ್ಲ. "ನೋಡಿ ಆದ್ಮೇಲೆ ಕೊಳಕು ಅನ್ನು. ಅನ್ನು ನೋಡೋಣ, ನನ್ನೆದುರಿಗೆ."