ಬೋರಿಯ ಬೆಳಗಿನ ಓಟ

ಮೊಕ್ಪೋ ಬಂದರಿನ ಪಕ್ಕದಲ್ಲಿ, ಕಡಲಪಾಚಿಯ ಹಾಳೆಗಳನ್ನು ಹುರಿದು ಡಬ್ಬಿಗೆ ತುಂಬುವ ಕಂಪನಿಯೊಂದರಲ್ಲಿ ಸುನ್‌ಯಂಗ್ ಸರಕು ರವಾನೆ ವಿಭಾಗದ ಮುಖ್ಯಸ್ಥೆ. ಕೈಕೆಳಗಿನವರಿಂದ ಲಾರಿ ತುಂಬಿಸುವುದು ಅವಳಿಗೆ ಎಂದೂ ಕಷ್ಟವಾಗಿರಲಿಲ್ಲ. ಆದರೆ ಆ ವರ್ಷ ಬೇಸಿಗೆ ಕಳೆಯುತ್ತಲೇ ಅವರನ್ನು ಹಾಸಿಗೆಯಿಂದ ಎಬ್ಬಿಸುವ ಕೆಲಸವೂ ಅವಳ ತಲೆಗೇ ಬಂತು.

ಅದಕ್ಕೆ ಕಾರಣ ಮಾಲೀಕರ ಮಗ ಜೇಹ್ಯೊಕ್. ರಾಜಧಾನಿ ಸೋಲ್‌ನಲ್ಲಿ ಯಾವುದೋ ಶಿಬಿರಕ್ಕೆ ಹೋಗಿ ಬಂದವನು, ಲೋಕದಲ್ಲಿ ಮುಂದೆ ಬಂದವರೆಲ್ಲ ಕೋಳಿ ಕೂಗುವ ಮೊದಲೇ ಏಳುತ್ತಾರೆಂದು ತಿಳಿದುಕೊಂಡು ಬಂದಿದ್ದ. ಎಲ್ಲರ ಮಣಿಕಟ್ಟಿಗೂ ಒಂದೊಂದು ರಬ್ಬರ್ ಬಳೆ ತೊಡಿಸಿದ. ಯಾರು ಎಷ್ಟು ಹೊತ್ತಿಗೆ ಎದ್ದರು, ಎಷ್ಟು ನಡೆದರು ಎಂಬುದನ್ನು ಆ ಬಳೆ ನೇರ ಅವನ ಕಂಪ್ಯೂಟರಿಗೆ ಚಾಡಿ ಹೇಳುತ್ತಿತ್ತು. ಬೆಳಗಿನ ಸಭೆಯಲ್ಲಿ ವಿಭಾಗಗಳ ಅಂಕಗಳನ್ನು ಗೋಡೆಯ ಮೇಲೆ ಮೂಡಿಸುತ್ತಿದ್ದ. ರವಾನೆ ವಿಭಾಗ ದಿನವೂ ಕೊನೆ.

"ಸುನ್‌ಯಂಗ್ ಅವರೇ, ನಿಮ್ಮವರಿಗೆ ಶಿಸ್ತು ಕಮ್ಮಿ," ಎನ್ನುತ್ತಿದ್ದ. "ಸಣ್ಣ ಸಣ್ಣ ಅಭ್ಯಾಸಗಳೇ ಮನುಷ್ಯನ್ನ ಮೇಲಕ್ಕೆ ಎತ್ತೋದು."

ಸುನ್‌ಯಂಗ್ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು. ಮೊದಲೇ ಅವಳು ಮನೆ ಸೇರುವ ಹೊತ್ತಿಗೆ ಅತ್ತೆ ಒಂದು ನಿದ್ದೆ ಮುಗಿಸಿರುತ್ತಿದ್ದರು. ಈಗ ನಸುಕಿನಲ್ಲೇ ಎದ್ದು, ಒಂದು ಕಡೆ ಅನ್ನಕ್ಕಿಟ್ಟು, ಇನ್ನೊಂದು ಕಡೆ ಮನೆಮನೆಗೆ ಫೋನು ಮಾಡಬೇಕು. ಮೀಸೆ ನರೆತ ಗಂಡಸರನ್ನು "ಎದ್ರಾ? ಕಾಲು ನೆಲಕ್ಕೆ ಇಟ್ರಾ?" ಎಂದು ಕೇಳುವಾಗ ಅವಳಿಗೆ ತನ್ನ ಬಾಳಿನ ಮೇಲೇ ಸಿಟ್ಟು ಬರುತ್ತಿತ್ತು. ಪರೀಕ್ಷೆಗೆ ಓದುತ್ತಿದ್ದ ಮಗಳು ಒಂದು ದಿನ ಕೋಣೆಯಿಂದಲೇ ಅಂದಳು: "ಅಮ್ಮಾ, ಅವ್ರು ಎದ್ದರೋ ಇಲ್ಲವೋ ಗೊತ್ತಿಲ್ಲ. ನಮ್ಮ ಬೀದಿಯವರಂತೂ ಎಲ್ಲಾ ಎದ್ರು."

ಮರುವಾರವೇ ರವಾನೆ ವಿಭಾಗ ಮೊದಲನೆಯ ಸ್ಥಾನಕ್ಕೆ ಜಿಗಿಯಿತು. ಸುನ್‌ಯಂಗ್‌ಗೆ ಅನುಮಾನ ಬಂದು ಗೋದಾಮಿನಲ್ಲಿ ಒಬ್ಬೊಬ್ಬರ ಮಣಿಕಟ್ಟನ್ನೂ ನೋಡಿದಳು. ಒಬ್ಬರ ಕೈಯಲ್ಲೂ ಬಳೆಯಿಲ್ಲ. ಎಲ್ಲರೂ ಮೆಲ್ಲಗೆ ದಕ್ಸುವಿನ ಕಡೆ ನೋಡಿದರು. ಆತ ವಿಭಾಗಕ್ಕೆಲ್ಲ ಹಿರಿಯ, ಎರಡು ವರ್ಷದಲ್ಲಿ ನಿವೃತ್ತಿ.

"ನಮ್ಮ ಬೋರಿ ಹತ್ರ ಇದೆ ಲೀಡ್ರಮ್ಮ," ಎಂದ ದಕ್ಸು.

"ಬೋರಿ ಅಂದ್ರೆ ನಿಮ್ಮ ನಾಯಿ ಅಲ್ವಾ?"

"ನಾಯಿನೇ. ಅದು ಹೆಂಗೂ ಕತ್ತಲಲ್ಲೇ ಎದ್ದು ಕಡಲಗೋಡೆ ಉದ್ದಕ್ಕೂ ಓಡತ್ತೆ. ಕುತ್ತಿಗೆಪಟ್ಟಿಗೆ ಸಿಗಿಸಿದೀನಿ. ಅದಕ್ಕೇನೂ ಭಾರ ಇಲ್ಲ."

ಸುನ್‌ಯಂಗ್ ಅಲ್ಲೇ ಅವನಿಗೆ ಮಂಗಳಾರತಿ ಎತ್ತಿದಳು. ಸಿಕ್ಕಿಬಿದ್ದರೆ ಎಲ್ಲರಿಗಿಂತ ಮೊದಲು ತಾನು ಮನೆಗೆ ಹೋಗಬೇಕಾಗುತ್ತದೆ ಎಂದಳು. ದಕ್ಸು ಎದುರಾಡಲಿಲ್ಲ. "ನಿಮ್ಮದೂ ಕೊಡಿ. ಮುಖ ನೋಡ್ಕೊಂಡಿದೀರಾ ಕನ್ನಡೀಲಿ?" ಎಂದಷ್ಟೇ ಕೇಳಿದ. ಆ ಸಂಜೆ ಅವಳೂ ಬಳೆ ಬಿಚ್ಚಿಕೊಟ್ಟಳು. ಮರುದಿನ ಕಿಟಕಿಯಲ್ಲಿ ಬಿಸಿಲು ಬೀಳುವ ತನಕ ಮಲಗಿದಳು.

ಗೆದ್ದ ವಿಭಾಗದ ಮೇಲೆ ಜೇಹ್ಯೊಕ್‌ಗೆ ಪ್ರೀತಿ ಉಕ್ಕಿತು. ಶುಕ್ರವಾರದ ಸಭೆಯಲ್ಲಿ, "ನಾಳೆ ರಜ ಇದ್ದರೂ ನಿಮ್ಮ ಜೊತೆ ನಾನೂ ನಡೀತೀನಿ," ಎಂದು ಸಾರಿದ.

ಮರುದಿನ ಇನ್ನೂ ಬೆಳಕು ಹರಿದಿರಲಿಲ್ಲ. ಎಲ್ಲರೂ ಅಂಗಿಯ ತೋಳನ್ನು ಬೆರಳಿನವರೆಗೆ ಎಳೆದುಕೊಂಡು ಕಡಲಗೋಡೆಯ ಬಳಿ ನಡುಗುತ್ತಾ ನಿಂತಿದ್ದರು. ಬಳೆಗಳನ್ನು ತರಬೇಕಾಗಿದ್ದ ದಕ್ಸುವಿನ ಸುಳಿವಿಲ್ಲ. ಹೊಸ ಬೂಟು ತೊಟ್ಟು ಬಂದ ಜೇಹ್ಯೊಕ್ ಬೆಳಗಿನ ಗಾಳಿಯ ಗುಣಗಾನ ಮಾಡುತ್ತಿದ್ದ. ಅಷ್ಟರಲ್ಲಿ ಬೋರಿ ದಕ್ಸುವಿನ ಕೈ ತಪ್ಪಿಸಿಕೊಂಡು ಕಡಲಗೋಡೆಯ ತುದಿಯಿಂದ ಓಡಿ ಬಂತು. ಅದರ ಕುತ್ತಿಗೆ ಸುತ್ತ ಇಡೀ ವಿಭಾಗದ ಬಳೆಗಳು ಮಿಣಮಿಣ ಹೊಳೆಯುತ್ತಿದ್ದವು. ಎಲ್ಲರನ್ನೂ ಮೂಸಿ, ಜೇಹ್ಯೊಕ್‌ನ ಬೂಟಿನ ಪಕ್ಕ ಬಾಲ ಅಲ್ಲಾಡಿಸುತ್ತ ಕೂತಿತು.

ಜೇಹ್ಯೊಕ್ ಬಗ್ಗಿ ಒಂದು ಬಳೆಯ ಮೇಲಿನ ಹೆಸರು ಓದಿದ. ಅದು ಸುನ್‌ಯಂಗ್‌ಳದು.

"ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರಲಿಲ್ಲ," ಎಂದ. "ಇಷ್ಟು ಸಣ್ಣ ಅಭ್ಯಾಸ ಮಾಡ್ಕೊಳ್ಳಕ್ಕೆ ಆಗಲ್ವಾ ನಿಮಗೆ?"

ಕ್ಷಮೆ ಕೇಳಬೇಕೆಂದೇ ಸುನ್‌ಯಂಗ್ ಬಾಯಿ ತೆರೆದಳು. ಬಂದದ್ದು ಬೇರೆಯೇ.

"ಸಾರ್, ಮರುದಿನ ಹೋಗೋ ಮಾಲಿನ ಆರ್ಡರು ನೀವು ದಿನಾ ಕಳಿಸೋದು ಯಾವಾಗ? ನಾವು ಮನೆಗೆ ಹೊರಟು ಚೀಲ ಹೆಗಲಿಗೆ ಹಾಕ್ಕೊಂಡ ಮೇಲೆ. ಬೆಳಿಗ್ಗೆ ಲಾರಿ ಹೊರಡಬೇಕು, ಅದಕ್ಕೆ ರಾತ್ರಿ ಕೂತು ಡಬ್ಬಿ ಕಟ್ತೀವಿ. ಮಲಗಕ್ಕೇ ಬಿಡದೆ ಏಳಿ ಏಳಿ ಅಂದ್ರೆ ಎಲ್ಲಿಂದ ಏಳೋದು? ಮಧ್ಯಾಹ್ನ ಊಟ ಆದ ಮೇಲೆ ಕಳಿಸಿ. ಅದೂ ಒಂದು ಸಣ್ಣ ಅಭ್ಯಾಸನೇ."

ಏದುಸಿರು ಬಿಡುತ್ತ ಬಂದ ದಕ್ಸು ದೂರದಲ್ಲೇ ನಿಂತುಬಿಟ್ಟ. ಜೇಹ್ಯೊಕ್‌ನ ಕಿವಿಗಳು ಕೆಂಪಾದವು. ಕಾರು ಹತ್ತಿ ಹೋದ.

ಕೆಲಸ ಹೋಯಿತೆಂದೇ ಸುನ್‌ಯಂಗ್ ಅಂದುಕೊಂಡಳು. ಸೋಮವಾರ ಸಭೆಯಲ್ಲಿ ಮೊದಲನೆಯ ಸ್ಥಾನ ಲೆಕ್ಕಪತ್ರ ವಿಭಾಗಕ್ಕೆ ಹೋಯಿತು. ರವಾನೆಯವರ ಬಳೆಗಳನ್ನು "ಯೋಗ್ಯತೆ ಬರುವ ತನಕ" ಎಂದು ಹೇಳಿ ಜೇಹ್ಯೊಕ್ ವಾಪಸು ಪಡೆದ. ಗೋದಾಮಿನಲ್ಲಿ ಆ ಶಿಕ್ಷೆಗೆ ಒಬ್ಬರೂ ಅಳಲಿಲ್ಲ.

ಅಂದು ಆರ್ಡರು ಮಧ್ಯಾಹ್ನವೇ ಬಂತು. ಮಂಗಳವಾರ ಸ್ವಲ್ಪ ತಡವಾಯಿತು. ಬುಧವಾರ ಎಲ್ಲರೂ ಹೊರಡುವ ಹೊತ್ತಾದರೂ ಪತ್ತೆಯಿಲ್ಲ. ಸುನ್‌ಯಂಗ್ ಬಿರಬಿರನೆ ಮಹಡಿ ಹತ್ತಿ ಅವನ ಕೋಣೆಯ ಬಾಗಿಲಲ್ಲಿ ನಿಂತಳು.

"ಏನು?" ಎಂದ ಜೇಹ್ಯೊಕ್.

"ಏನಿಲ್ಲ ಸಾರ್. ನಿಂತಿರ್ತೀನಿ."

ಅವನು ಹಲ್ಲು ಕಚ್ಚಿಕೊಂಡು ಕಂಪ್ಯೂಟರಿನ ಕಡೆ ತಿರುಗಿದ.

ಅಲ್ಲಿಂದ ಮುಂದೆ ಊಟ ಮುಗಿದ ಕೂಡಲೇ ಅವಳು ದಿನವೂ ಮಹಡಿ ಹತ್ತುತ್ತಾಳೆ. ಬೆಳೆದ ಗಂಡಸನ್ನು ದಿನಾ ಹೀಗೆ ಕಾಯಬೇಕಲ್ಲ ಎಂದು ಮೆಟ್ಟಿಲು ಮೆಟ್ಟಿಲಿಗೂ ಗೊಣಗುತ್ತಾಳೆ. ಅವಳ ಹೆಜ್ಜೆ ಸದ್ದು ಕೇಳಿದ ಮೇಲೆಯೇ ಅವನ ಕೈ ಕೀಲಿಮಣೆಯ ಮೇಲೆ ಹೋಗುತ್ತದೆ. ಕತ್ತಲಾಗುವ ಮುಂಚೆ ಲಾರಿ ತುಂಬಿಸಿ ಎಲ್ಲರೂ ಮನೆ ಸೇರುತ್ತಾರೆ.