ಒಂದೇ ಕುಟುಂಬ ಕೂತ ಜಮಖಾನ

ನಾನೊಂದು ಜಮಖಾನ. ಹುಟ್ಟಿದ್ದು ನವಲಗುಂದದಲ್ಲಿ, ಮಾಬೂಬಿ ಎಂಬ ಹೆಂಗಸಿನ ಮನೆಯ ಒಳಕೋಣೆಯಲ್ಲಿ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಅವಳೂ ಅವಳ ನಾದಿನಿಯೂ ಅಕ್ಕಪಕ್ಕ ಕೂತು ನನ್ನನ್ನು ನೇಯ್ದರು. ಕೆಂಪು ನೂಲಿನ ನಡುವೆ ಹಸಿರು ನವಿಲುಗಳನ್ನು ಕೂರಿಸಿ, ಎಳೆ ಎಳೆಯನ್ನೂ ಕಬ್ಬಿಣದ ಹಲ್ಲಿನ ಪಂಜಾದಿಂದ ಬಡಿದು ಗಟ್ಟಿ ಮಾಡಿದರು. ಆ ಪೆಟ್ಟುಗಳು ನನಗೆ ನೋಯಲಿಲ್ಲ. ಒಳ್ಳೆಯ ಬಾಳು ಬಾಳುತ್ತೇನೆ ಎಂದುಕೊಂಡೇ ಆ ಮನೆಯಿಂದ ಹೊರಬಿದ್ದೆ.

ಮುಂದೆ ಹೇಳುವ ಮೊದಲು ಒಂದು ಮಾತು. ನಾನು ನೆಲದ ಮೇಲೆ ಬಿದ್ದಿರುವ ವಸ್ತು. ಮನುಷ್ಯರ ಮುಖ ನನಗೆ ಅಷ್ಟಾಗಿ ಕಾಣುವುದಿಲ್ಲ. ಹಿಮ್ಮಡಿ, ಮೊಣಕಾಲು, ಚಪ್ಪಲಿಯ ತಳ, ಇವು ಚೆನ್ನಾಗಿ ಕಾಣುತ್ತವೆ. ಮುಖ ನಗುತ್ತಿರುವಾಗ ಕಾಲು ಏನು ಮಾಡುತ್ತಿರುತ್ತದೆ ಎಂದು ನನಗೆ ಗೊತ್ತು. ಯಾರು ಯಾರ ಪಕ್ಕದಿಂದ ಮೆಲ್ಲಗೆ ಸರಿದು ಕೂತರು ಎಂಬುದೂ ಗೊತ್ತು. ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಕಹಿ ಇದ್ದರೆ ಸಹಿಸಿಕೊಳ್ಳಿ. ಆಗದಿದ್ದರೆ ಎದ್ದು ಹೋಗಿ, ನಿಮ್ಮಂಥವರು ಬಹಳ ಜನ ನನ್ನ ಮೇಲಿಂದ ಎದ್ದು ಹೋಗಿದ್ದಾರೆ.

ಹಳೇ ಹುಬ್ಬಳ್ಳಿಯ ಒಂದು ಓಣಿಯವರು ಸೇರಿ ನನ್ನನ್ನು ಕೊಂಡರು. ಗುರಪ್ಪಜ್ಜ ಎಂಬ ಹಿರಿಯನ ಮನೆಯ ಅಟ್ಟದಲ್ಲಿ ಸುತ್ತಿ ಇಟ್ಟರು. ಓಣಿಯ ಯಾವ ಮನೆಯಲ್ಲಿ ತೊಟ್ಟಿಲಿಗೆ ಹಾಕುವುದಿದ್ದರೂ, ಹೆಣ್ಣು ನೋಡುವುದಿದ್ದರೂ, ಯಾರಾದರೂ ಸತ್ತರೂ "ಅಜ್ಜಾರ, ಜಮಖಾನ ಕೊಡ್ರಿ" ಎಂದು ಬರುತ್ತಿದ್ದರು. ನನ್ನ ಮೇಲೆ ಕೂತು ಜನ ಅತ್ತರು, ಎಲೆ ಅಡಿಕೆ ಹಾಕಿಕೊಂಡರು, ಮದುವೆಯ ಮಾತು ಮುರಿದುಕೊಂಡು ಒಬ್ಬರನ್ನೊಬ್ಬರು ಬೈದರು. ಓಣಿಯವರೇನೂ ದೇವತೆಗಳಲ್ಲ. ಯಾರು ನಡುವೆ ಕೂರಬೇಕು, ಯಾರು ಅಂಚಿಗೆ ಕೂರಬೇಕು, ಯಾರು ನನ್ನ ಮೇಲೆ ಕಾಲೇ ಇಡದೆ ಹೊಸ್ತಿಲ ಹೊರಗೆ ನಿಲ್ಲಬೇಕು ಎಂಬ ಲೆಕ್ಕ ಅಲ್ಲಿಯೂ ಇತ್ತು. ಅದು ನನಗೆ ಆಗಲೂ ಹಿಡಿಸುತ್ತಿರಲಿಲ್ಲ. ಆದರೆ ಅವರು ಅದಕ್ಕೆ ಚಂದದ ಹೆಸರಿಡಲಿಲ್ಲ, ಗೋಡೆಯ ಮೇಲೆ ಬರೆಸಲಿಲ್ಲ.

ಗುರಪ್ಪಜ್ಜ ತೀರಿಕೊಂಡ. ಅವನ ಮಗ ಮಹಾಂತೇಶ ಬೈಪಾಸಿನ ಹತ್ತಿರ ಇರುವ ಸ್ನೇಹಸೌಧ ಪಬ್ಲಿಕ್ ಸ್ಕೂಲಿನ ಟ್ರಸ್ಟಿಗಳಲ್ಲಿ ಒಬ್ಬ. ಅಟ್ಟ ಖಾಲಿ ಮಾಡುವಾಗ ನನ್ನನ್ನು ನೋಡಿ, ಓಣಿಯ ಯಾರನ್ನೂ ಒಂದು ಮಾತು ಕೇಳದೆ, ಕಾರಿನ ಡಿಕ್ಕಿಗೆ ತುರುಕಿಕೊಂಡು ಶಾಲೆಗೆ ತಂದ. ಅಲ್ಲಿ ನನ್ನನ್ನು ದಾನ ಕೊಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರ ಸ್ವತ್ತನ್ನು ಒಬ್ಬನೇ ದಾನ ಕೊಟ್ಟು ಶಾಲು ಹೊದೆಸಿಕೊಳ್ಳುವುದನ್ನು ಅಂದೇ ಮೊದಲು ನೋಡಿದೆ.

ಆ ಶಾಲೆಯ ಬಾಗಿಲು ಗಾಜಿನದು. ಒಳಗೆ ಹೋದರೆ ಎದುರಿನ ಗೋಡೆಯ ಮೇಲೆ ಬಂಗಾರದ ಬಣ್ಣದ ದೊಡ್ಡ ಅಕ್ಷರಗಳು: ನಾವೆಲ್ಲರೂ ಒಂದೇ ಕುಟುಂಬ. ಬರೆಸಿದವರು ಪ್ರಿನ್ಸಿಪಾಲ್ ಸುಚೇತಾ ಮೇಡಂ. ಅವರು ಬೆಂಗಳೂರಿನಿಂದ ಬಂದವರು, ನಮ್ಮ ಕಡೆಯ ರೀತಿ ರಿವಾಜು ಅವರಿಗೆ ತಿಳಿಯದು. ಆ ವರ್ಷ ಪಾಲಕರಲ್ಲಿ ಜಗಳ ಎದ್ದಿತ್ತು. ಸರ್ಕಾರದ ಕಾನೂನಿನಂತೆ ಫೀಸಿಲ್ಲದೆ ಸೇರಿದ ಆರ್‌ಟಿಇ ಮಕ್ಕಳನ್ನು ತಮ್ಮ ಮಕ್ಕಳ ಪಕ್ಕ ಕೂರಿಸಿದ್ದಾರೆ ಎಂದು ವಾಟ್ಸಾಪ್ ಗುಂಪಿನಲ್ಲಿ ಕೆಲವರು ಗೊಣಗಿದ್ದರು. ಕೆಲವರು ಮಕ್ಕಳನ್ನು ಬಿಡಿಸಿಕೊಂಡೂ ಹೋಗಿದ್ದರು. ಟ್ರಸ್ಟಿಗಳು ಕಂಗಾಲಾದರು.

"ಎಲ್ಲರೂ ನೆಲದ ಮೇಲೆ ಒಟ್ಟಿಗೆ ಕೂತು ಊಟ ಮಾಡಿದ್ರೆ ತಾನೇ ಬಾಂಡಿಂಗ್ ಬರೋದು? ತಿಂಗಳಿಗೊಂದು ಸಹಭೋಜನ ಇಡೋಣ. ಪೇರೆಂಟ್ಸೂ ಬರ್ಲಿ, ಮಕ್ಕಳೂ ಬರ್ಲಿ," ಎಂದರು ಮೇಡಂ. ಹೀಗೆ ನನ್ನನ್ನು ಸಭಾಂಗಣದಲ್ಲಿ ಹಾಸಿದರು.

ಮೊದಲ ಸಹಭೋಜನದ ಹೇಸಿಗೆಯನ್ನು ಹೇಗೆ ಹೇಳಲಿ? ಬೂಟು ಬಿಚ್ಚಿ ಎಂದರೆ ಅರ್ಧದಷ್ಟು ಜನ ಬಿಚ್ಚಲಿಲ್ಲ. ಕೂರುವ ಮೊದಲು ನನ್ನ ಮೇಲೆ ಕರವಸ್ತ್ರ ಹಾಸಿಕೊಂಡರು. ಮೂಗು ಸುಡುವಷ್ಟು ಸ್ಯಾನಿಟೈಸರ್ ಸುರಿದುಕೊಂಡರು, ಅದರ ಹನಿ ನನ್ನ ನವಿಲುಗಳ ಬಣ್ಣ ತಿಂದಿತು. ಫೋಟೊದವನು "ಸ್ಮೈಲ್" ಎಂದಾಗ ಎಲ್ಲರೂ ಭುಜಕ್ಕೆ ಭುಜ ತಾಗಿಸಿ ಕೂತರು. ಅವನು ಕ್ಯಾಮೆರಾ ಇಳಿಸಿದ್ದೇ ತಡ, ದಡಬಡ ಎದ್ದು ಗೋಡೆಯ ಬದಿಯ ಕುರ್ಚಿಗಳಿಗೆ ಹೋಗಿ ತಮ್ಮ ತಮ್ಮವರ ಜೊತೆ ತಿಂದರು. ನನ್ನ ಮೇಲೆ ಉಳಿದದ್ದು ಮೊಸರನ್ನದ ಅಗುಳು ಮತ್ತು ನಡುವೆ ಕೂತಿದ್ದ ಕೆಲವು ಆರ್‌ಟಿಇ ಮಕ್ಕಳು. ಥೂ, ಸಾವಿನ ಮನೆಯಲ್ಲಿ ಹಾಸಿದಾಗಲೂ ನನಗೆ ಅಷ್ಟು ಬೇಸರ ಆಗಿರಲಿಲ್ಲ.

ಆದರೂ ಮೇಡಂ ಹುರುಪು ಬಿಡಲಿಲ್ಲ. ಮುಂದಿನ ಸಲ ಪ್ರತಿ ಮನೆಯಿಂದಲೂ ಒಂದು ತಿಂಡಿ ಬರಬೇಕು, ತಿಂಡಿಯ ಮುಂದೆ ಆ ಮನೆತನದ ಹೆಸರು ಬರೆದ ಚೀಟಿ ಇಡಬೇಕು ಎಂದರು. ತಿಂದವರು ಮಾಡಿದವರ ಹೆಸರು ಹಿಡಿದು ಹೊಗಳಲಿ, ಪರಿಚಯ ಬೆಳೆಯಲಿ ಎಂಬುದು ಅವರ ಆಸೆ. ಪಾಪ, ಅವರಿಗೆ ಗೊತ್ತಿರಲಿಲ್ಲ. ನಮ್ಮ ಕಡೆ ಮನೆತನದ ಹೆಸರಿಗೆ ಅಡ್ಡಹೆಸರು ಎನ್ನುತ್ತಾರೆ. ನಿನ್ನ ಜಾತಿ ಯಾವುದು ಎಂದು ಕೇಳುವುದು ಒರಟುತನ ಎಂದು ಭಾವಿಸುವ ದೊಡ್ಡ ಮನುಷ್ಯರು "ನಿಮ್ಮ ಅಡ್ಡೆಸರೇನ್ರಿ?" ಎಂದು ನಯವಾಗಿ ಕೇಳುತ್ತಾರೆ. ಉತ್ತರ ಬಂದ ಮೇಲೆ ಬೇರೇನೂ ಕೇಳುವ ಅಗತ್ಯ ಇರುವುದಿಲ್ಲ. ಮೇಡಂ ಯಾರೂ ಬಾಯಿ ಬಿಟ್ಟು ಕೇಳುವ ಕಷ್ಟವೂ ಇಲ್ಲದಂತೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಸಿ ತಟ್ಟೆಯ ಮುಂದೆ ನಿಲ್ಲಿಸಿದರು.

ಆ ದಿನ ಎಲ್ಲರಿಗಿಂತ ಮೊದಲು ಬಂದವರು ರೇಣವ್ವ ಮತ್ತು ಅವಳ ಮಗಳು ಭೂಮಿಕಾ. ರೇಣವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. ಅಂದು ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಭೂಮಿಕಾ ನಾಲ್ಕನೇ ಕ್ಲಾಸು. ಜೂನ್ ತಿಂಗಳಿನಿಂದ ಮಧ್ಯಾಹ್ನದ ಡಬ್ಬಿಯನ್ನು ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿನ್ನುತ್ತಿದ್ದ ಮಗು. ತಾಯಿ ಮಗಳ ಮಾತಿನಿಂದಲೇ ನನಗಿದು ತಿಳಿಯಿತು.

"ತನ್ವಿ ಕ್ಲಾಸ್‌ನ್ಯಾಗ ನನ್ನ ಬಾಜೂಕ ಕುಂದರ್ತಾಳಬೇ, ಉಣ್ಣಾಗ ಬರಂಗಿಲ್ಲ," ಎನ್ನುತ್ತಿದ್ದಳು ಭೂಮಿಕಾ. "ಇವತ್ತ ಬರ್ತಾಳ. ಹೋಳಿಗಿ ಅಂದ್ರ ಅಕೀಗೆ ಜೀವ."

"ಬರ್ತಾಳ ಬಿಡವಾ," ಎಂದಳು ರೇಣವ್ವ. "ಹೋಳಿಗಿ ಯಾರ ಬ್ಯಾಡಂತಾರ?"

ಅವಳು ಶೇಂಗಾ ಹೋಳಿಗೆ ಮಾಡಿ ತಂದಿದ್ದಳು, ತೆಳ್ಳಗೆ, ಒಂದೂ ಹರಿಯದಂತೆ. ಪಕ್ಕದಲ್ಲಿ ಒಂದು ಬಟ್ಟಲು ತುಪ್ಪ. ತಟ್ಟೆಯನ್ನು ನನ್ನ ನಡುವಿನ ನವಿಲಿನ ಮೇಲೆ ಇಟ್ಟು, ಸೆರಗಿನಿಂದ ಅಂಚು ಒರೆಸಿದಳು. ಟೀಚರ್ ಬಂದು ಚೀಟಿ ಬರೆದು ಮುಂದೆ ಇಟ್ಟರು. ಅದರಲ್ಲಿದ್ದ ಅಡ್ಡಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವೂ ಅದನ್ನೇ ಮೊದಲು ನೋಡುತ್ತೀರಿ, ಹೋಳಿಗೆ ಆಮೇಲೆ.

ಜನ ಬಂದರು. ಕಾಲುಗಳು ಸಾಲಾಗಿ ನಡೆದವು. ಪ್ರತಿ ತಟ್ಟೆಯ ಮುಂದೂ ಒಂದು ಕ್ಷಣ ನಿಂತು, ಬಗ್ಗಿ ಓದಿ, ಕೈ ಹಾಕಿ ಮುಂದಕ್ಕೆ ಹೋಗುತ್ತಿದ್ದವು. ಹೋಳಿಗೆಯ ಮುಂದೆಯೂ ನಿಂತವು, ಓದಿದವು, ಕೈ ಹಾಕದೆ ಹೋದವು. ಆ ಕಡೆ ಉಪ್ಪಿಟ್ಟು ಮುಗಿಯಿತು, ಪಲಾವು ಮುಗಿಯಿತು, ಯಾರೋ ಬೇಕರಿಯಿಂದ ತಂದ ಒಣಗಿದ ಕೇಕು ಕೂಡ ಮುಗಿಯಿತು.

"ತಗೋರಿ ಆಂಟಿ, ನಮ್ಮವ್ವ ಮಾಡ್ಯಾಳ," ಎಂದು ಭೂಮಿಕಾ ಒಬ್ಬೊಬ್ಬರಿಗೂ ಹೇಳಿದಳು.

"ನಮ್ಮ ಪಾಪೂಗ ಶೇಂಗಾ ಆಗಿ ಬರಂಗಿಲ್ಲವಾ," ಎಂದಳು ಒಬ್ಬ ತಾಯಿ. ಆ ಪಾಪು ಅವಳ ಕಾಲ ಬಳಿಯೇ ನಿಂತು ಶೇಂಗಾ ಚಿಕ್ಕಿ ಕಡಿಯುತ್ತಿತ್ತು, ಅದರ ಪುಡಿ ನನ್ನ ಮೇಲೆ ಉದುರುತ್ತಿತ್ತು.

ಕೊನೆಗೆ ತನ್ವಿ ಬಂದಳು. ಓಡಿ ಬಂದು ಮಂಡಿಯೂರಿ ತಟ್ಟೆಗೆ ಕೈ ಚಾಚಿದಳು. ಅವಳ ತಾಯಿ ಹಿಂದಿನಿಂದ ಮಣಿಕಟ್ಟು ಹಿಡಿದಳು. "ಕೈ ತೊಳ್ಕೊಂಡಿಲ್ಲ ನೀ, ಏಳ," ಎಂದಳು. ತನ್ವಿ ಕೈ ತೊಳೆಯಲು ಹೋದಳು, ತೊಳೆದ ಮೇಲೆ ಅವಳನ್ನು ಈ ಕಡೆ ಬಿಡಲಿಲ್ಲ. ಭೂಮಿಕಾ ಬಾಗಿಲ ಕಡೆ ನೋಡುತ್ತ ಬಹಳ ಹೊತ್ತು ಕೂತಿದ್ದಳು.

ಆಗ ಸುಚೇತಾ ಮೇಡಂ ಫೋಟೊದವನ ಜೊತೆ ಬಂದರು. ತುಂಬಿದ ತಟ್ಟೆಯನ್ನು ಕಂಡು ಅವರಿಗೆ ಖುಷಿಯಾಯಿತು, ಫೋಟೊಗೆ ಅದೇ ಚೆನ್ನ. ಭೂಮಿಕಾಳ ಹೆಗಲ ಮೇಲೆ ಕೈ ಹಾಕಿ, ಒಂದು ಹೋಳಿಗೆಯನ್ನು ಬಾಯಿಯ ಹತ್ತಿರ ಹಿಡಿದು ನಕ್ಕರು. ಫೋಟೊ ಆಯಿತು. ಹೋಳಿಗೆಯನ್ನು ಮರಳಿ ತಟ್ಟೆಗಿಟ್ಟು ಬೆರಳುಗಳನ್ನು ಟಿಶ್ಯೂಗೆ ಒರೆಸಿಕೊಂಡರು, ಆ ಟಿಶ್ಯೂ ನನ್ನ ಮೇಲೆ ಬಿತ್ತು. ನನಗೆ ವಾಂತಿ ಮಾಡಿಕೊಳ್ಳುವ ಬಾಯಿ ಇಲ್ಲ, ಇದ್ದಿದ್ದರೆ ಅಲ್ಲೇ ಮಾಡಿಕೊಳ್ಳುತ್ತಿದ್ದೆ.

"ತುಂಬಾ ಉಳಿದಿದೆಯಲ್ಲ ರೇಣುಕಾ ಅವ್ರೇ," ಎಂದರು ಮೇಡಂ ಪ್ರೀತಿಯಿಂದ. "ವೇಸ್ಟ್ ಮಾಡೋದು ಬೇಡ. ಉಳಿದಿದ್ದನ್ನ ಅನಾಥಾಶ್ರಮಕ್ಕೆ ಕಳಿಸಿಬಿಡೋಣ."

ರೇಣವ್ವ ಎದ್ದು ನಿಂತಳು. "ಉಳದದ್ದಲ್ರಿ ಮೇಡಂ ಇದು. ಯಾರೂ ಮುಟ್ಟಿಲ್ಲ."

"ಅಂದ್ರೆ?"

"ಎಲ್ಲಾರೂ ತಿಂದು ಮಿಕ್ಕಿದ್ರ ಉಳದದ್ದ ಅಂತಾರ್ರಿ."

ಮೇಡಂಗೆ ನಿಜಕ್ಕೂ ಅರ್ಥವಾಗಲಿಲ್ಲ, ಉಳಿದವರಿಗೆಲ್ಲ ಅರ್ಥವಾಯಿತು. ರೇಣವ್ವ ನನ್ನ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಮಗಳ ಮುಂದೆ ಹೋಳಿಗೆ ಇಟ್ಟು, "ಉಣ್ಣವಾ, ಹಸದೀದಿ," ಎಂದಳು.

"ಬ್ಯಾಡಬೇ, ಏಳ. ಎಲ್ಲಾರೂ ನೋಡಾಕತ್ತಾರ," ಎಂದು ಭೂಮಿಕಾ ಅಳತೊಡಗಿದಳು. ತುಪ್ಪ ಹಾಕಲು ಹೋದ ರೇಣವ್ವನ ಕೈ ತಾಗಿ ಬಟ್ಟಲು ಮಗುಚಿತು. ತುಪ್ಪವೆಲ್ಲ ನನ್ನೊಳಗೆ ಇಳಿಯಿತು. ಅಂದು ರೇಣವ್ವನ ಮನೆಯದನ್ನು ತಿಂದದ್ದು ಆ ಶಾಲೆಯಲ್ಲಿ ನಾನೊಬ್ಬನೇ.

ಮರುದಿನದಿಂದ ದೂರುಗಳು ಬಂದವು. ಅಡ್ಡಹೆಸರಿನ ಮಾತು ಯಾರೂ ಎತ್ತಲಿಲ್ಲ, ಅವರೆಲ್ಲ ಓದಿದವರು. ಜಮಖಾನ ಗಲೀಜಾಗಿದೆ, ಎಣ್ಣೆಯ ವಾಸನೆ, ಮಕ್ಕಳ ಆರೋಗ್ಯ ಎಂದರು. ಮೇಡಂ ಟ್ರಸ್ಟಿಗಳ ಜೊತೆ ಕೂತು ಯೋಚಿಸಿ, ಪ್ರತಿ ಕುಟುಂಬಕ್ಕೂ ತನ್ನದೇ ಆಸನ ಎಂದು ತೀರ್ಮಾನಿಸಿದರು. ದರ್ಜಿಯೊಬ್ಬ ಬಂದು ಕತ್ತರಿ ಹಾಕಿದ. ಮಾಬೂಬಿ ಬಡಿದು ಕೂಡಿಸಿದ ಎಳೆಗಳು ಕರಕರ ಎಂದು ಹರಿದವು. ಪಕ್ಕದಲ್ಲೇ ನಿಂತಿದ್ದ ಮಹಾಂತೇಶ "ನೀಟ್ ಆಗಿ ಕತ್ತರಸಪಾ," ಎಂದ. ಈಗ ಒಂದೇ ಕುಟುಂಬದವರು ಬೇರೆ ಬೇರೆ ತುಂಡುಗಳ ಮೇಲೆ ಕೂತು ಸಹಭೋಜನ ಮಾಡುತ್ತಾರೆ. ಎಲ್ಲರಿಗೂ ನೆಮ್ಮದಿ. ಬಿಟ್ಟುಹೋದ ಮಕ್ಕಳೂ ಮರಳಿ ಸೇರಿದ್ದಾರಂತೆ. ಗೇಟಿನ ಮೇಲೆ ದೊಡ್ಡ ಬ್ಯಾನರ್ ಇದೆಯಂತೆ, ಅದರಲ್ಲಿ ಹೋಳಿಗೆ ಹಿಡಿದ ಮೇಡಂ, ಪಕ್ಕದಲ್ಲಿ ಭೂಮಿಕಾ.

ನಾನು ಯಾವ ತುಂಡಿನಲ್ಲಿ ಉಳಿದೆ ಎಂದು ಕೇಳುತ್ತೀರೇನೋ. ತುಪ್ಪದ ಕಲೆಯ ತುಂಡಿನಲ್ಲಿ. ಅದು ಯಾರಿಗೂ ಬೇಡವಾಗಿ, ಹಿಂದಿನ ಮೆಟ್ಟಿಲ ಬುಡದಲ್ಲಿ ಕಾಲೊರೆಸಲು ಬಿತ್ತು. ನನ್ನ ಮುದಿತನ ಅಲ್ಲೇ ಕಳೆಯುತ್ತಿದೆ. ಕಾಲೊರೆಸುವುದಕ್ಕೆ ನನಗೆ ಬೇಸರವಿಲ್ಲ, ಕೆಸರು ಕೆಸರೆಂದೇ ಹೇಳಿಕೊಂಡು ಬರುತ್ತದೆ. ನಗುತ್ತ ಭುಜ ತಾಗಿಸಿ ಕೂತವರ ಹೊಲಸೇ ನನಗೆ ಇಂದಿಗೂ ತೊಳೆದು ಹೋಗಿಲ್ಲ.

ಭೂಮಿಕಾ ಈಗಲೂ ಆ ಮೆಟ್ಟಿಲ ಮೇಲೆಯೇ ಊಟಕ್ಕೆ ಕೂರುತ್ತಾಳೆ. ಈಚೆಗೆ ಒಂದು ಮಧ್ಯಾಹ್ನ ಒಂದನೇ ಕ್ಲಾಸಿಗೆ ಹೊಸದಾಗಿ ಸೇರಿದ ಪುಟ್ಟ ಹುಡುಗಿಯೊಂದು, ನಡೆದಾಗ ದೀಪ ಹೊತ್ತುವ ಬೂಟು ಹಾಕಿಕೊಂಡು, ನನ್ನ ಮೇಲೆ ಬಂದು ನಿಂತಿತು.

"ಅಕ್ಕಾ, ಏನದು? ನನಗೂ ಕೊಡ," ಎಂದಿತು.

ಭೂಮಿಕಾ ಡಬ್ಬಿಯ ಮೇಲೆ ಕೈ ಅಡ್ಡ ಇಟ್ಟಳು. "ಮೊದ್ಲ ನಿಮ್ಮ ಮಮ್ಮೀನ ಕೇಳ್ಕೊಂಡ ಬಾ."

"ಯಾಕ?"

"ಇಲ್ಲಂದ್ರ ನಿನಗ ಬೈತಾರ."

ಮರುದಿನ ಆ ಹುಡುಗಿ ಮತ್ತೆ ಬಂತು. ಈ ಸಲ ನನ್ನ ಮೇಲೆ ಕಾಲಿಡದೆ ಆಚೆಯೇ ನಿಂತಿತು. "ಅಕ್ಕಾ, ಮಮ್ಮಿ ನಿಮ್ಮ ಅಡ್ಡೆಸರ ಕೇಳ್ಕೊಂಡ ಬಾ ಅಂದಾಳ."

ಭೂಮಿಕಾ ಡಬ್ಬಿ ಮುಚ್ಚಿ, ಅಡ್ಡಹೆಸರು ಹೇಳಿದಳು. ಆ ಮಗುವಿಗೆ ಅದೇನೆಂದು ಗೊತ್ತಾಗಲಿಲ್ಲ. ಸಂಜೆಯವರೆಗೆ ಮರೆಯಬಾರದೆಂದು ಅದನ್ನೇ ಮತ್ತೆ ಮತ್ತೆ ಬಾಯಲ್ಲಿ ಹೇಳಿಕೊಳ್ಳುತ್ತ, ಕುಣಿಯುತ್ತ ಕ್ಲಾಸಿಗೆ ಓಡಿತು.